ನುಂಗದ ತುತ್ತು

ಎಚ್ಚರವಾದ ಕೂಡಲೇ ಅವಳು ತನ್ನ ಬಲಗೈ ಮೂಸಿ ನೋಡಿಕೊಂಡಳು. ಏನೂ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ದಿನಾ ಕೈ ತಾನಾಗಿ ಮೂಗಿನ ಬಳಿ ಬರುತ್ತದೆ. ಬೆರಳ ಸಂದು, ಉಗುರಿನ ಬುಡ, ಆಮೇಲೆ ಅಂಗೈ. ಬಚ್ಚಲಿಗೆ ಹೋಗಿ ವಾಸನೆಯಿಲ್ಲದ ಸಾಬೂನಿನಿಂದ ಮೊಣಕೈವರೆಗೆ ಉಜ್ಜಿ ತೊಳೆದಳು. ವಾಸನೆಯ ಸಾಬೂನು, ತಲೆಗೆಣ್ಣೆ, ಪೌಡರು, ಬೆಳಗಿನ ಕಾಫಿ, ಇವು ಯಾವುವೂ ಅವಳ ಕೆಲಸಕ್ಕೆ ಆಗಿಬರುವುದಿಲ್ಲ. ಸರ್ಕಾರದ ರಫ್ತು ಗುಣಮಟ್ಟದ ಕಚೇರಿಯಲ್ಲಿ ಅವಳು ರುಚಿ ನೋಡುವವಳು. ಹೊರದೇಶಕ್ಕೆ ಹೋಗಬೇಕಾದ ಸೀಗಡಿಯ ಹೊಂಡಕ್ಕೆ ಬಲೆ ಬೀಳುವ ಮೊದಲು ಅದರ ಒಂದು ಹಿಡಿ ಅವಳ ಮೇಜಿಗೆ ಬರಬೇಕು. ಉಪ್ಪು ಹಾಕದೆ ಬೇಯಿಸಿದ್ದನ್ನು ಅವಳು ಮೂಸಿ, ಅಗಿದು, ‘ಸರಿ’ ಎಂದರೆ ಬಲೆ ಬೀಳುತ್ತದೆ, ‘ಮಣ್ಣು’ ಎಂದರೆ ಇಲ್ಲ. ನೀರಿನಲ್ಲಿ ಕೆಟ್ಟ ಪಾಚಿ ಕಟ್ಟಿದರೆ ಸೀಗಡಿಯ ಮೈಗೆಲ್ಲ ಹಸಿಮಣ್ಣಿನ ವಾಸನೆ ಹತ್ತುತ್ತದೆ. ತಿಂದವರಿಗೆ ಏನೂ ಆಗುವುದಿಲ್ಲ, ಆದರೆ ಒಮ್ಮೆ ತಿಂದವರು ಮತ್ತೆ ಆ ದೇಶದ ಸೀಗಡಿ ಕೊಳ್ಳುವುದಿಲ್ಲ. ಕಚೇರಿಯಲ್ಲಿ ಎಲ್ಲರೂ ಅವಳನ್ನು ‘ಮೂಗು ಮೇಡಂ’ ಎನ್ನುತ್ತಾರೆ, ಎದುರಿಗೇ ಅನ್ನುತ್ತಾರೆ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅವಳು ಯಾವತ್ತೂ ಕೆದಕಿ ನೋಡಲು ಹೋಗಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಆಗಲೇ ಒಳ್ಳೆಯ ಬಟ್ಟೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಕೂತಿದ್ದಳು.

“ಚಿಕ್ಕಪ್ಪ ಕಾರು ಕಳಿಸ್ತಾನಂತೆ,” ಎಂದಳು ಅಮ್ಮ. “ಮೊದಲನೇ ಸಾಲಲ್ಲಿ ಕುರ್ಚಿ ಇಡಿಸಿದಾನಂತೆ ನನಗೆ.”

“ನೀನು ಹೋಗ್ತೀಯಾ?”

“ಹೋಗ್ದೆ ಇರಕ್ಕಾಗುತ್ತಾ? ಮಂತ್ರಿಗಳು ಬರ್ತಾರೆ, ಹೊರದೇಶದೋರು ಬರ್ತಾರೆ. ಏನಾದ್ರೂ ನಿಮ್ಮಪ್ಪನ ತಮ್ಮ ಕಣೇ ಅವನು. ಬೆಳೀಲಿ ಬಿಡು.”

“ಬೆಳೀಲಿ. ನಾನೇನಂದೆ?”

“ಬಾಯಲ್ಲಿ ಅನ್ನಲ್ಲ ನೀನು. ಆ ಮುಖ ನೋಡ್ಕೋ ಕನ್ನಡೀಲಿ. ಹಳೇದೆಲ್ಲ ಕೆದಕಿ, ತನ್ನ ಮೂಗು ಕೊಯ್ಕೊಂಡು ಎದುರಿನವನಿಗೆ ಅಪಶಕುನ ಮಾಡ್ದ ಹಾಗೆ ಮಾಡ್ಬೇಡ, ಅಷ್ಟೇ.”

ಅವಳು ಚೀಲ ಹೆಗಲಿಗೇರಿಸಿದಳು. ಅಮ್ಮ ಎಲ್ಲ ಮರೆತಿದ್ದಾಳೆ ಎಂದು ಸಿಟ್ಟು ಮಾಡುವುದೂ ಸಾಧ್ಯವಿರಲಿಲ್ಲ. ಅಮ್ಮ ಏನನ್ನೂ ಮರೆತಿರಲಿಲ್ಲ, ಮರೆತವಳ ಹಾಗೆ ಬದುಕುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಅದು ಇನ್ನೂ ಹೆಚ್ಚು ಸಿಟ್ಟು ಬರಿಸುತ್ತಿತ್ತು. ಬಸ್ಸಿನಲ್ಲಿ ಎಂದಿನಂತೆ ಎಡಗಡೆಯ ಕಿಟಕಿಯ ಸೀಟು ಹಿಡಿದಳು. ಸೇತುವೆ ದಾಟಿದ ಮೇಲೆ ರಸ್ತೆ ಚಿಕ್ಕಪ್ಪನ ಹೊಂಡಗಳ ದಂಡೆಯ ಪಕ್ಕದಲ್ಲೇ ಓಡುತ್ತದೆ. ಅಲ್ಲಿ ಈಗ ಆಳೆತ್ತರದ ಫಲಕ: ‘ಸುಸ್ಥಿರ ಜಲಕೃಷಿ ಮಾದರಿ ಹೊಂಡ’. ಕೆಳಗೆ ‘ನಮ್ಮ ಹೊಂಡದಿಂದ ಕಡಲಾಚೆಯ ಊಟದ ಮೇಜಿಗೆ’. ಮಂತ್ರಿಯ ನಗುವ ಮುಖ, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ನಗುವ ಸೀಗಡಿ. ರಫ್ತು ಹೆಚ್ಚಿಸಲು ಸರ್ಕಾರ ತಂದ ಹೊಸ ಯೋಜನೆಯ ಮೊದಲ ಹೊಂಡ ಇದು. ಇಲ್ಲಿಂದ ಹೊರಡುವ ಮೊದಲ ಕಂಟೇನರಿಗೆ ಮಂತ್ರಿ ಇವತ್ತು ಬಾವುಟ ತೋರಿಸಬೇಕು. ಅವಳು ಕಿಟಕಿಯ ಗಾಜು ಸರಿಸಿದಳು. ವಾಸನೆ ನುಗ್ಗಿತು. ವಾರದಿಂದ ದಿನಾ ಬರುತ್ತಿತ್ತು, ಇವತ್ತು ಇನ್ನೂ ಗಟ್ಟಿಯಾಗಿತ್ತು. ಮೊದಲ ಮಳೆ ಬಿದ್ದ ನೆಲದ ವಾಸನೆ. ಪಕ್ಕದಲ್ಲಿ ಕೂತ ಹೆಂಗಸು “ಆಹಾ” ಎಂದು ಉಸಿರೆಳೆದುಕೊಂಡಳು. ನೆಲದಿಂದ ಬಂದರೆ ಆಹಾ, ತಟ್ಟೆಯಿಂದ ಬಂದರೆ ಥೂ ಎಂದು ಅವಳಿಗೆ ಯಾರು ಹೇಳಬೇಕು. ಚಿಕ್ಕಪ್ಪ ಅತಿಯಾಸೆಗೆ ಮೇವು ಸುರಿದಿದ್ದಾನೆ, ನೀರು ಕೆಟ್ಟಿದೆ, ಮುದುಕನಿಗೆ ಅದು ಗೊತ್ತಾಗದೆ ಇರುವುದಿಲ್ಲ. ಖಂಡಿತ ಗೊತ್ತಾಗಿದೆ. ಏಕೆಂದರೆ ಅವಳಿಗೆ ಮೂಸುವುದನ್ನು ಕಲಿಸಿದ್ದೇ ಚಿಕ್ಕಪ್ಪ.

ಅಪ್ಪನಿಗೆ ಇದ್ದದ್ದು ಈ ಹೊಂಡಗಳ ಹಿಂದುಗಡೆಯ ಒಂದು ಸಣ್ಣ ಹೊಂಡ, ತಳದಲ್ಲಿ ಕಪ್ಪು ಜೇಡಿ. ಆ ಕಪ್ಪಿನ ಮೇಲೆ ಬೆಳೆದು ಅಲ್ಲಿಯ ಸೀಗಡಿಯ ಬೆನ್ನೂ ಕಪ್ಪಾಗುತ್ತಿತ್ತು, ಬೇಯಿಸಿದರೆ ಬೇರೆ ಯಾವ ಹೊಂಡದ್ದಕ್ಕೂ ಬರದಷ್ಟು ಕಡುಗೆಂಪು. ಅಪ್ಪ ಮಾತು ಕಡಿಮೆಯವನು, ದಂಡೆಯ ಮೇಲೆ ಕೂತು ನೀರು ನೋಡುತ್ತಿದ್ದ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೋಗುಣಿಯ ಮುಚ್ಚಳ ತೆಗೆಯುತ್ತಿದ್ದವನು ಚಿಕ್ಕಪ್ಪ. “ಮೊದಲ ಹಬೆ ಮಾತ್ರ ನಿಜ ಹೇಳುತ್ತೆ ಮರಿ, ಎರಡನೇ ಸಲ ಮೂಸಿದ್ರೆ ನಿನ್ನ ಮನಸ್ಸಿನ ವಾಸನೆ ಬರುತ್ತೆ,” ಎನ್ನುತ್ತಿದ್ದ. ಅವಳು ಹಸಿದು ಗಬಕ್ಕನೆ ನುಂಗಲು ಹೋದರೆ ತನ್ನ ಅಂಗೈಯನ್ನು ಅವಳ ಗದ್ದದ ಕೆಳಗೆ ಹಿಡಿಯುತ್ತಿದ್ದ. “ನುಂಗಬಾರ್ದು. ರುಚಿ ನೋಡೋರು ನುಂಗಲ್ಲ. ಉಗುಳು, ನನ್ನ ಕೈಗೇ ಉಗುಳು.” ಆ ಅಂಗೈ ಬೆಚ್ಚಗೆ, ಒರಟಾಗಿ ಇರುತ್ತಿತ್ತು. ಅಪ್ಪ ಸತ್ತ ಮೇಲೆ ಹಿಂದುಗಡೆಯ ಹೊಂಡ ಕೇಳದೆಯೇ ಚಿಕ್ಕಪ್ಪನದಾಯಿತು, ಅವಳ ಮೂಗೂ ಆಯಿತು. ಬೆಳಿಗ್ಗೆ ಸಂಜೆ ಅವನ ಎಲ್ಲ ಹೊಂಡಗಳ ರುಚಿ ಅವಳೇ ನೋಡಬೇಕು. ಆ ದಿನಗಳಲ್ಲಿ ಒಬ್ಬ ಬರುತ್ತಿದ್ದ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು. ಕೊನೆಗೊಮ್ಮೆ ಮದುವೆಯ ಮಾತಿಗೆ ತಾಯಿಯನ್ನು ಕರೆದುಕೊಂಡು ಬಂದ. ಎಲ್ಲರೂ ನಗುತ್ತಾ ಕೂತಿದ್ದರು, ಅವಳು ನೀರಿನ ಲೋಟ ಕೊಡುತ್ತಿದ್ದಳು. ಚಿಕ್ಕಪ್ಪ ಇದ್ದಕ್ಕಿದ್ದ ಹಾಗೆ ಅವಳ ಮುಂಗೈ ಹಿಡಿದು ಮೂಗಿಗೆ ಒತ್ತಿಕೊಂಡ. ದೀರ್ಘವಾಗಿ ಉಸಿರೆಳೆದ. ಆಮೇಲೆ ಆ ಕೈಯನ್ನು ಹುಡುಗನ ತಾಯಿಯ ಮುಂದೆ ಚಾಚಿ ಹಿಡಿದು, “ನೋಡಿ, ನೀವೇ ಮೂಸಿ ನೋಡಿ. ಎಷ್ಟು ಸೋಪು ಹಾಕಿದ್ರೂ ಹೋಗಲ್ಲ. ನಮ್ಮ ಹುಡುಗಿ ಕೆಸರಲ್ಲೇ ಹುಟ್ಟಿದೋಳು, ನಿಮ್ಮ ಮನೆ ಅಡುಗೇಲೂ ಅದೇ ಬರುತ್ತೆ,” ಎಂದು ಹೊಟ್ಟೆ ಕುಣಿಸಿ ನಕ್ಕ. ತಾಯಿ ಮೂಸಿಯೇ ಬಿಟ್ಟಳು. ಅದನ್ನು ಅವಳು ಯಾವತ್ತೂ ಮರೆಯಲಾರಳು. ಮುಂದೆ ಬಾಗಿ, ತರಕಾರಿ ಮೂಸುವ ಹಾಗೆ ಮೂಸಿ, ಸೆರಗಿನಿಂದ ತುಟಿ ಒರೆಸಿಕೊಂಡಳು. ಲೆಕ್ಕದವನು ಕಿಟಕಿಯ ಕಡೆ ನೋಡುತ್ತಿದ್ದ. ನೆರೆಯ ಹೊಂಡಗಳವರೂ ಬಂದು ಕೂತಿದ್ದರು, ಅವರೂ ನಕ್ಕರು. ಅಮ್ಮ ಒಳಗೆ ಪಾತ್ರೆ ಸದ್ದು ಮಾಡಿದಳು. ಬಂದವರು ಮತ್ತೆ ಬರಲಿಲ್ಲ. ಚಿಕ್ಕಪ್ಪನಿಗೆ ಬೇಕಾಗಿದ್ದೂ ಅದೇ, ಸಂಬಳವಿಲ್ಲದ ಮೂಗು ಮನೆ ಬಿಟ್ಟು ಹೋಗಬಾರದಾಗಿತ್ತು. ಅದಕ್ಕೇ ಅವಳು ಮಾಡಿದ ಮೊದಲ ಕೆಲಸ ಆ ಮೂಗನ್ನು ಸರ್ಕಾರಕ್ಕೆ ಕೊಟ್ಟದ್ದು. ಬಸ್ಸು ಕಚೇರಿಯ ಮುಂದೆ ನಿಂತಾಗ ತಾನು ಮತ್ತೆ ಬಲಗೈಯನ್ನು ಮೂಗಿನ ಹತ್ತಿರ ಹಿಡಿದಿರುವುದು ಗೊತ್ತಾಗಿ, ನಾಚಿಕೆಯಾಗಿ, ಕೈಯನ್ನು ಚೀಲದೊಳಗೆ ತುರುಕಿಕೊಂಡಳು.

ರುಚಿ ನೋಡುವ ಕೋಣೆಗೆ ಬಿಳಿ ಗೋಡೆ, ಬಿಳಿ ಮೇಜು. ಮೂರು ಕುರ್ಚಿ, ಮೂರು ನೀರಿನ ಲೋಟ, ಉಗುಳಲು ಮೂರು ಸ್ಟೀಲಿನ ಬಟ್ಟಲು. ಒಬ್ಬರ ಮಾತು ನಡೆಯಬಾರದೆಂದು ಮೂವರು ಕೂರಬೇಕೆಂಬುದು ನಿಯಮ. ಅವಳ ಎಡಕ್ಕೆ ನಿವೃತ್ತಿಗೆ ಹತ್ತಿರವಾದ ಗಡ್ಡದವನು, ಬಲಕ್ಕೆ ಕನ್ನಡಕದ ಹೆಂಗಸು. ಇಬ್ಬರೂ ವರ್ಷಗಳಿಂದ ಏನನ್ನೂ ಮೂಸಿದವರಲ್ಲ. ಅವಳ ಮುಖ ನೋಡುತ್ತಾರೆ. ಹುಬ್ಬು ಗಂಟಿಕ್ಕಿದರೆ ಇಬ್ಬರೂ ಉಗುಳುತ್ತಾರೆ, ಮುಖ ಸಡಿಲವಾದರೆ ಇಬ್ಬರೂ ತಲೆಯಾಡಿಸುತ್ತಾರೆ. ಒಮ್ಮೆ ಅವಳಿಗೆ ಹಲ್ಲು ನೋವಾಗಿ ಮುಖ ಕಿವುಚಿದಾಗ ಯಾವುದೋ ಪಾಪದವನ ಒಳ್ಳೆಯ ಹೊಂಡಕ್ಕೆ ಮೂವರೂ ‘ಮಣ್ಣು’ ಎಂದುಬಿಡುವುದು ಸ್ವಲ್ಪದರಲ್ಲಿ ತಪ್ಪಿತ್ತು. ಮಾದರಿ ಯಾವ ಹೊಂಡದ್ದೆಂದು ಗೊತ್ತಾಗಬಾರದೆಂದು ಅದಕ್ಕೆ ಬರೀ ಸಂಖ್ಯೆ ಕೊಡುತ್ತಾರೆ. ಇವತ್ತು ಬಂದಿದ್ದದ್ದು ಒಂದೇ ಮಾದರಿ, ಆದ್ದರಿಂದ ಆ ಸಂಖ್ಯೆಯೂ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗಿತ್ತು. ನಿರ್ದೇಶಕರು ಬಾಗಿಲಲ್ಲೇ ನಿಂತು ಗಡಿಯಾರ ನೋಡಿಕೊಂಡರು.

“ಮೇಡಂ, ಸ್ವಲ್ಪ ಬೇಗ ಮುಗಿಸ್ಬಿಡಿ. ಮಂತ್ರಿಗಳ ಕಾರು ಹೊರಟಾಯ್ತಂತೆ.”

“ಮಾದರಿ ತರಕ್ಕೆ ನಮ್ಮೋರು ಯಾರು ಹೋಗಿದ್ರು?”

“ನಮ್ಮೋರಿಗೆ ಎಲ್ಲಿ ಪುರುಸೊತ್ತು, ಪೆಂಡಾಲು ಕೆಲಸಕ್ಕೆ ಹಾಕಿದೀನಿ. ಹೊಂಡದ ಯಜಮಾನ್ರೇ ಐಸ್ ಪೆಟ್ಟಿಗೇಲಿ ಕಳಿಸಿಕೊಟ್ರು. ಪಾಪ, ಎಷ್ಟು ಸಹಕಾರ ನೋಡಿ.”

ಬೋಗುಣಿ ಬಂತು. ಅವಳು ಕಣ್ಣು ಮುಚ್ಚಿ ಮುಚ್ಚಳ ತೆಗೆದಳು. ವರ್ಷಗಟ್ಟಲೆ ಕಾಯ್ದುಕೊಂಡ ಶಬ್ದ ನಾಲಗೆಯ ತುದಿಯಲ್ಲಿತ್ತು. ಮಣ್ಣು, ಮಣ್ಣು, ಹೇಳಬೇಕಾದ್ದು ಅಷ್ಟೇ. ಹಬೆ ಮುಖಕ್ಕೆ ಹೊಡೆಯಿತು. ಅದರಲ್ಲಿ ಮಣ್ಣಿರಲಿಲ್ಲ. ತಿಳಿಯಾದ ಸಿಹಿ ಇತ್ತು. ಕಣ್ಣು ತೆರೆದರೆ ಬೋಗುಣಿಯಲ್ಲಿ ಕಡುಗೆಂಪು ಸೀಗಡಿಗಳು. ಒಂದನ್ನು ಬಾಯಿಗೆ ಹಾಕಿ ಅಗಿದಳು, ಮತ್ತು ಅಗಿಯುತ್ತಲೇ ಅಪ್ಪನ ತೊಯ್ದ ಪಂಚೆ, ದಂಡೆಯ ಮೇಲಿನ ಅವನ ಮೌನ, ಎಲ್ಲ ಒಟ್ಟಿಗೆ ನೆನಪಾಯಿತು. ಹಿಂದುಗಡೆಯ ಹೊಂಡದ್ದು. ನಾರುವ ಮಾದರಿ ಹೊಂಡದ ಬದಲು ಅಪ್ಪನ ಹೊಂಡದಿಂದ ಹಿಡಿದು ಕಳಿಸಿದ್ದಾನೆ. ಅಪ್ಪನನ್ನು ಅಪ್ಪನ ಮಗಳ ಬಾಯಿಗೇ ಹಾಕಿ ತೀರ್ಪು ಬರೆಸಿಕೊಳ್ಳಲು ಹೊರಟಿದ್ದಾನೆ. ಇದೊಂದು ತನಗೆ ತಿಳಿಯುವುದಿಲ್ಲವೆಂದು ಅವನು ಎಣಿಸಿದನಲ್ಲ!

ಎಡಬಲದಲ್ಲಿ ಎರಡು ಮುಖಗಳು ಅವಳ ಮುಖವನ್ನೇ ನೋಡುತ್ತಿದ್ದವು. ಅವಳು ನಿಧಾನವಾಗಿ ಬಟ್ಟಲಿಗೆ ಉಗುಳಿ ಬಾಯಿ ಮುಕ್ಕಳಿಸಿದಳು. ಯೋಚನೆ ತಣ್ಣಗೆ, ಸ್ಪಷ್ಟವಾಗಿ ಬಂತು. ‘ಮಣ್ಣು’ ಎಂದರೆ ಅವನು ಬದುಕಿಕೊಳ್ಳುತ್ತಾನೆ. ಕಾರ್ಯಕ್ರಮ ಮುಂದೆ ಹೋಗುತ್ತದೆ, ನಾಕು ದಿನ ಗೊಣಗುತ್ತಾನೆ, ಹೊಸ ನೀರು ಬಿಡುತ್ತಾನೆ, ವಾಸನೆ ಇಳಿಯುತ್ತದೆ; ಅದು ಸೇಡಲ್ಲ, ಉಪಕಾರ. ಮಾದರಿ ಬದಲಾಗಿದೆ ಎಂದರೆ ನಿರ್ದೇಶಕರು ಬಾಗಿಲು ಮುಚ್ಚಿ, ಸದ್ದು ಮಾಡಬೇಡಿ ಮೇಡಂ ಎನ್ನುತ್ತಾರೆ. ‘ಸರಿ’ ಎಂದರೆ? ಸರಿ ಎಂದರೆ ಮಧ್ಯಾಹ್ನ ಎಲ್ಲರ ಎದುರು ಮಾದರಿ ಹೊಂಡಕ್ಕೇ ಬಲೆ ಬೀಳುತ್ತದೆ. ಅಲ್ಲೇ ಬೇಯಿಸಿ ಮಸಾಲೆ ಹಚ್ಚಿ ಬಡಿಸಲು ಬಾಣಸಿಗರು ಬಂದಿದ್ದಾರಂತೆ, ಮಸಾಲೆಯಲ್ಲಿ ಎಲ್ಲ ಮುಚ್ಚಿಹೋಗುತ್ತದೆಂದು ಮುದುಕನ ಎಣಿಕೆ. ಹೊರದೇಶದ ಖರೀದಿದಾರ ಮಸಾಲೆ ಮುಟ್ಟುವುದಿಲ್ಲ. ಉಪ್ಪೂ ಇಲ್ಲದೆ ಬೇಯಿಸಿ ಕೊಡಿ ಎನ್ನುತ್ತಾನೆ, ಅವರೆಲ್ಲ ಹಾಗೇ ಎಂದು ಅವಳಿಗೆ ಗೊತ್ತು, ಚಿಕ್ಕಪ್ಪನಿಗೆ ಗೊತ್ತಿಲ್ಲ. ಆ ಪರದೇಶಿ ಮಂತ್ರಿಯ ಎದುರು ಉಗುಳುತ್ತಾನೆ. ಅವಳು ಮಾಡಬೇಕಾದ್ದು ಏನೂ ಇಲ್ಲ. ಮುಂದಿಟ್ಟದ್ದರ ಬಗ್ಗೆ ನಿಜ ಹೇಳಿದರೆ ಸಾಕು. ಕೈಗೆ ಒಂದು ಹನಿ ಕೆಸರು ಹತ್ತದೆ ಸೇಡು ತೀರುತ್ತದೆ. ಆರ್ಡರು ಹೋದರೆ ಉಳಿದ ಹೊಂಡಗಳವರ ಹೊಟ್ಟೆಗೂ ಏಟು ಬೀಳುತ್ತದೆ ಎಂಬುದು ಹೊಳೆಯದೆ ಇರಲಿಲ್ಲ. ಹೊಳೆದು ಚುಚ್ಚಿತು. ಅವರೂ ಅವತ್ತು ನಕ್ಕಿದ್ದರು ಎಂದು ಅದರ ಬಾಯಿ ಮುಚ್ಚಿಸಿದಳು. ಪಾಸು ಮಾಡಿದ್ದು ಯಾರು ಎಂದು ನಾಳೆ ಕೇಳಿದರೆ ತನ್ನ ಹೆಸರೂ ಹೋಗುತ್ತದೆ. ಅಮ್ಮನ ಗಾದೆ ನೆನಪಾಯಿತು. ಕೊಯ್ದುಹೋಗಲಿ, ಈ ಮೂಗಿನಿಂದ ನನಗಾದ ಸುಖವೇನು ಎಂದುಕೊಂಡಳು.

“ಸರಿ ಇದೆ,” ಎಂದಳು.

“ಸರಿ ಇದೆ,” ಎಂದ ಗಡ್ಡದವನು.

“ತುಂಬಾ ಚೆನ್ನಾಗಿದೆ,” ಎಂದಳು ಕನ್ನಡಕದವಳು, ಬೋಗುಣಿಯನ್ನು ಮುಟ್ಟದೆ.

ಮಧ್ಯಾಹ್ನ ಮಾದರಿ ಹೊಂಡದ ದಂಡೆಯ ಮೇಲೆ ಪೆಂಡಾಲು, ಕೆಂಪು ಜಮಖಾನ, ಪ್ಲಾಸ್ಟಿಕ್ ಹೂವಿನ ಕಮಾನು. ಒಂದು ಪಕ್ಕದಲ್ಲಿ ಕಂಟೇನರ್ ಲಾರಿಗೆ ಬಣ್ಣದ ಪಟ್ಟಿ ಕಟ್ಟಿ ನಿಲ್ಲಿಸಿದ್ದರು. ಮಂತ್ರಿ ಮಾತಾಡಿದರು. ರಫ್ತು ದುಪ್ಪಟ್ಟಾಗುತ್ತದೆ, ನೀರಿಗೂ ನೆಲಕ್ಕೂ ನೋವಾಗದ ಬೆಳೆ ಇದು, ಈ ಹಿರಿಯರು ನಾಡಿಗೇ ಮಾದರಿ. ಗಾಳಿ ತಿರುಗಿದಾಗಲೆಲ್ಲ ಹೊಂಡದಿಂದ ಮಳೆಯ ವಾಸನೆ ಎದ್ದು ಬರುತ್ತಿತ್ತು, ಜನ ಆಕಾಶ ನೋಡುತ್ತಿದ್ದರು. ಅಮ್ಮ ಮೊದಲ ಸಾಲಿನಲ್ಲಿ ಕೈ ಮಡಿಚಿ ಕೂತಿದ್ದಳು. ಬಲೆ ಬಿತ್ತು, ಸೀಗಡಿ ಚಿಮ್ಮಿತು, ಕ್ಯಾಮೆರಾಗಳು ಬಾಗಿದವು. ಬಾಣಸಿಗರು ಮಸಾಲೆಯ ಬಟ್ಟಲು ಎತ್ತಿಕೊಳ್ಳುವಷ್ಟರಲ್ಲಿ ಖರೀದಿದಾರ ಕೈಯೆತ್ತಿ ಏನೋ ಹೇಳಿದ. ದುಭಾಷಿ ನಗುತ್ತಾ ತಿಳಿಸಿದ: “ಅವರಿಗೆ ಏನೂ ಹಾಕದೆ, ಬರೀ ನೀರಲ್ಲಿ ಬೇಯಿಸಿ ಕೊಡ್ಬೇಕಂತೆ. ಎಲ್ಲರೂ ಹಾಗೇ ತಿಂದು ನೋಡೋಣ ಅಂತಾರೆ.” ವೇದಿಕೆಯ ಕೆಳಗಿನಿಂದ ಅವಳು ಚಿಕ್ಕಪ್ಪನ ಮುಖವನ್ನು ನೋಡಿದಳು. ಅದರಿಂದ ರಕ್ತ ಇಳಿದುಹೋಗಿತ್ತು. ಅದನ್ನು ನೋಡಿ ಅವಳಿಗೆ ಖುಷಿಯಾಯಿತು. ಬಾಯಾರಿದವಳು ನೀರು ಕುಡಿದ ಹಾಗೆ, ನಾಚಿಕೆಯಿಲ್ಲದೆ ಖುಷಿಯಾಯಿತು.

ಆದರೆ ಮುದುಕ ಹೊಂಡದ ಮೀನಲ್ಲ, ಹೊಳೆಯ ಮೀನು. ಒಂದೇ ಕ್ಷಣದಲ್ಲಿ ಮೈಕು ಕಿತ್ತುಕೊಂಡ. “ಮೊದಲು ನಮ್ಮ ಮಗಳು ತಿನ್ಲಿ. ಸರ್ಕಾರದ ಮೂಗು ಅಂದ್ರೆ ಅವಳೇ. ಅವಳ ಮುಖ ನೋಡಿ, ಆಮೇಲೆ ನೀವೆಲ್ಲ ತಿನ್ನಿ. ಬಾ ಮಗಳೇ, ಮೇಲೆ ಬಾ.” ಚಪ್ಪಾಳೆ. ನಿರ್ದೇಶಕರು ಅವಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು. ತಟ್ಟೆ ಬಂತು. ಬಾಯಿಗೆ ಇಟ್ಟದ್ದೇ ತಡ ಹಸಿಮಣ್ಣು ಬಾಯಿತುಂಬ ಬಿಚ್ಚಿಕೊಂಡಿತು, ಒಸಡಿಗೆ, ಅಂಗುಳಿಗೆ, ಮೂಗಿನ ಒಳಕ್ಕೆ. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಈಗ ಹುಬ್ಬು ಗಂಟಿಕ್ಕಿದರೆ ತಾನು ಬೆಳಿಗ್ಗೆ ಹೇಳಿದ್ದರ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ. ಉಗುಳುವ ಕೆಲಸ ಪರದೇಶಿಯ ಬಾಯಿ ಮಾಡಲಿ. ತುತ್ತನ್ನು ಕೆನ್ನೆಯೊಳಗೆ ಸರಿಸಿ ಅವಳು ನಕ್ಕಳು. ಮುಖವನ್ನು ಆದಷ್ಟು ಸಡಿಲ ಮಾಡಿ, ಚೆನ್ನಾಗಿ ನಕ್ಕಳು. ಖರೀದಿದಾರ ಒಂದನ್ನು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುವುದು ನಿಂತಿತು. ಅನುಮಾನದಿಂದ ಅವಳ ಕಡೆ ತಿರುಗಿದ. ಉಗುಳು, ಉಗುಳಪ್ಪಾ ಎಂದು ಅವಳು ಒಳಗೇ ಬೇಡಿಕೊಂಡಳು, ಮೇಲೆ ನಗುತ್ತಲೇ ಇದ್ದಳು. ಅವನು ಆ ನಗುವನ್ನು ಸ್ವಲ್ಪ ಹೊತ್ತು ನೋಡಿದ. ತನ್ನ ನಾಲಗೆಯದೇ ತಪ್ಪಿರಬೇಕೆಂಬ ಹಾಗೆ ಭುಜ ಕುಣಿಸಿ, ನುಂಗಿ, ಹೆಬ್ಬೆರಳು ಎತ್ತಿದ. ಮಂತ್ರಿ ತಿಂದರು, “ಅದ್ಭುತ” ಎಂದರು. ಗಡ್ಡದವನು, ಕನ್ನಡಕದವಳು, ನಿರ್ದೇಶಕರು, ನೆರೆಹೊಂಡದವರು ಎಲ್ಲರೂ ಅವಳ ಮುಖ ನೋಡಿಕೊಂಡು ತಿಂದರು. ಕೆಸರು ತಿಂದು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಸಾಕಿದ ಸೇಡು ತನ್ನದೇ ನಗುವಿಗೆ ಬಲಿಯಾಗುವುದನ್ನು ಅವಳು ವೇದಿಕೆಯ ಮೇಲೆ ನಿಂತು ನೋಡಿದಳು. ಕೈ ಕೊಳೆಯಾಗಬಾರದು ಎಂದುಕೊಂಡದ್ದಕ್ಕೆ ತಕ್ಕ ಶಾಸ್ತಿ.

ಚಿಕ್ಕಪ್ಪನೂ ತಿಂದ. ಅವನಿಗೆ ಮಾತ್ರ ಗೊತ್ತಿತ್ತು. ಅವನ ಕಣ್ಣು ತುಂಬಿಕೊಂಡದ್ದು ನೋಡಿ ಅವಳಿಗೆ ದಿಗಿಲಾಯಿತು. ತನ್ನನ್ನು ಉಳಿಸಲೆಂದೇ ಇವಳು ನಕ್ಕಳೆಂದು ತಿಳಿದಿದ್ದಾನೆ. ಹತ್ತಿರ ಬಂದು ಅವಳ ಬಲಗೈ ಹಿಡಿದ, ಅದನ್ನು ಕಣ್ಣಿಗೊತ್ತಿಕೊಂಡ, ಮೈಕಿನಲ್ಲೇ ಗದ್ಗದನಾದ.

“ನೋಡಿ ಈ ಕೈನ. ಒಂದ್ಸಲ ಯಾವನೋ ಹುಡುಗ ತಾಯಿ ಕರ್ಕೊಂಡು ಮನೆಗೆ ಬಂದು, ಈ ಕೈ ಕೆಸರು ವಾಸನೆ ಅಂತ ಬಿಟ್ಟುಹೋದ. ನಾನು ಎಷ್ಟು ಅತ್ತಿದೀನಿ ಗೊತ್ತಾ! ಇವತ್ತು ನೋಡಿ, ಅದೇ ಕೈ ನಾಡಿನ ಮಾನ ಉಳಿಸಿದೆ.”

ಜನ “ಪಾಪ” ಎಂದರು. ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳು ಆ ಮುಖವನ್ನು ಹತ್ತಿರದಿಂದ, ಒಂದೇ ಸಲ, ಮೊದಲ ಹಬೆಯನ್ನು ಎಳೆದುಕೊಳ್ಳುವ ಹಾಗೆ ನೋಡಿದಳು. ಸುಳ್ಳಿರಲಿಲ್ಲ. ಅವನು ನಿಜವಾಗಿಯೂ ಮರೆತಿದ್ದ. ಅವಳು ದಿನಾ ಬೆಳಿಗ್ಗೆ ಎದ್ದು ಮೂಸಿ ನೋಡಿಕೊಳ್ಳುವ ಹಾಗೆ ಮಾಡಿದ ಮಾತನ್ನು ಅವನು ಬೇರೊಬ್ಬನ ಹೆಸರಿಗೆ ಹಚ್ಚಿ, ಅತ್ತು, ಹಗುರಾಗಿ, ಆರಾಮಾಗಿ ನಿದ್ದೆ ಮಾಡಿದ್ದ. ಕೆನ್ನೆಯೊಳಗಿನ ತುತ್ತು ಕರಗಿ ಮಣ್ಣಿನ ರಸ ಗಂಟಲಿನ ಕಡೆ ಇಳಿಯತೊಡಗಿತ್ತು. ಆಗ ಅವನ ನೋಟ ಅವಳ ಉಬ್ಬಿದ ಕೆನ್ನೆಯ ಮೇಲೆ ನಿಂತಿತು. ಅಷ್ಟು ಜನರಲ್ಲಿ ಅವನಿಗೊಬ್ಬನಿಗೇ ತಿಳಿಯಿತು, ಇವಳು ನುಂಗಿಲ್ಲ. ಮೈಕನ್ನು ಎದೆಗೆ ಒತ್ತಿಕೊಂಡು ಪಿಸುಗುಟ್ಟಿದ:

“ನುಂಗು ಮರಿ. ದಮ್ಮಯ್ಯ, ನುಂಗಿಬಿಡು.”

ಬಾಯಿ ನುಂಗು ಎನ್ನುತ್ತಿತ್ತು. ಆದರೆ ಆ ಮುದಿ ಅಂಗೈ ಹಳೆಯ ಅಭ್ಯಾಸದಿಂದ ತಾನಾಗಿ ಮೇಲೆದ್ದು ಬಂದು ಅವಳ ಗದ್ದದ ಕೆಳಗೆ ಬೊಗಸೆಯಾಗಿ ನಿಂತಿತ್ತು. ಅವಳು ಬಾಗಿ, ಆ ಬೊಗಸೆಗೆ ಉಗುಳಿದಳು. ಪೂರ್ತಿ ಉಗುಳಿದಳು. ಇನ್ನೇನೂ ಉಳಿದಿಲ್ಲವೆಂದು ಖಾತ್ರಿಯಾಗುವವರೆಗೆ ನಾಲಗೆಯಿಂದ ಕೆನ್ನೆಯ ಒಳಬದಿ ಬಳಿದು ಬಳಿದು ಉಗುಳಿದಳು. ಮೊದಲು ಖರೀದಿದಾರ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಳ್ಳುತ್ತಾ ದುಭಾಷಿಯ ಮೇಲೆ ರೇಗಿದ. ಗಡ್ಡದವನು, ಕನ್ನಡಕದವಳು ಅವಳ ಮುಖ ನೋಡಿ, ಕೈಯಲ್ಲಿ ಬಟ್ಟಲಿಲ್ಲದೆ ಜಮಖಾನದ ಮೇಲೇ ಉಗುಳಿದರು. ಹಿಂದಿನ ಸಾಲುಗಳಲ್ಲಿ ಅಲ್ಲಲ್ಲಿ ಥೂ ಥೂ ಎಂಬ ಸದ್ದು ಎದ್ದಿತು. ಮಂತ್ರಿ ಆಚೀಚೆ ನೋಡಿ, ಯಾವ ಮುಖ ಮಾಡಬೇಕೆಂದು ತಿಳಿಯದೆ, ತಟ್ಟೆಯನ್ನು ಕುರ್ಚಿಯ ಕೆಳಗೆ ಇಟ್ಟರು. ಅಮ್ಮ ಮಾತ್ರ ಕದಲಲಿಲ್ಲ. ಅವಳ ತಟ್ಟೆಯಲ್ಲಿ ಸೀಗಡಿ ಮೊದಲಿನಿಂದಲೂ ಮುಟ್ಟದೆ ಹಾಗೇ ಇತ್ತು.

ನಿರ್ದೇಶಕರು ಮೆಟ್ಟಿಲು ಹತ್ತಿ ಓಡಿ ಬಂದರು. “ಮೇಡಂ, ಬೆಳಿಗ್ಗೆ ಸರಿ ಇದೆ ಅಂದಿದ್ದು ನೀವೇ ಅಲ್ವಾ? ನೀವೇ ತಾನೆ ಪಾಸು ಮಾಡಿದ್ದು?”

“ಹೌದು ಸಾರ್, ನಾನೇ,” ಎಂದಳು. ನಾಳೆಯಿಂದ ಈ ಮೂಗನ್ನು ಯಾರೂ ನಂಬುವುದಿಲ್ಲ. ಅದು ಗೊತ್ತಾಗಿಯೂ ಮನಸ್ಸು ಹಿಂದೆಗೆಯಲಿಲ್ಲ. ಚಿಕ್ಕಪ್ಪ ಒದ್ದೆ ಅಂಗೈಯನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡು ನಿಂತೇ ಇದ್ದ. ಬಿಳಿ ಅಂಗಿಗೆ ಒರೆಸಿಕೊಳ್ಳಲಾರ, ಮಂತ್ರಿಯ ಎದುರು ಕೊಡವಲಾರ. ಅವಳು ಅವನ ಇನ್ನೊಂದು ಕೈಯಿಂದ ಮೈಕು ಬಿಡಿಸಿಕೊಂಡಳು. ಅದು ಇನ್ನೂ ಚಾಲೂ ಇತ್ತು.

“ಮೂಸಿ ನೋಡಿ ಚಿಕ್ಕಪ್ಪ,” ಎಂದಳು. “ನಿಮ್ಮದೇ ಕೈ. ಒಂದ್ಸಲ ಮೂಸಿ ನೋಡಿ.”